ಹುದ್ದೆ ಹುಟ್ಟುವ ಬಗೆ, ಅಭ್ಯರ್ಥಿ ಆಯ್ಕೆಯಾಗುವ ಬಗೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಖಾಸಗಿ ಕಂಪನಿಗಳಲ್ಲಿ ಕೆಲಸ ಹುಡುಕುತ್ತಿರುವವರದು. ಒಂದು ಪ್ರಶ್ನೆ ಮಾತ್ರ ಕೆಲಸಗಾರರನ್ನು ಹುಡುಕುತ್ತಿರುವ ಮಾಲೀಕರದು. ಅದಕ್ಕೆ ಕೊಟ್ಟ ಉತ್ತರವನ್ನು ಕೆಲಸ ಹುಡುಕುವವರೂ ಓದಬೇಕು.

ಬಿ.ಕಾಂ ಮುಗಿಸಿ ಒಂದು ವರ್ಷವಾಯಿತು, ಟ್ಯಾಲಿ ಕಲಿತಿದ್ದೇನೆ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಜಾಬ್ ಪೋರ್ಟಲ್‌ಗಳಲ್ಲಿ ಅರವತ್ತಕ್ಕೂ ಹೆಚ್ಚು ಅರ್ಜಿ ಹಾಕಿದೆ. ಫೋನ್ ಬಂದಿದ್ದು ಮೂರು ಕಡೆಯಿಂದ. ಕೆಲವು ಜಾಹೀರಾತುಗಳು ಮೂರು ತಿಂಗಳಿಂದ ಹಾಗೇ ಇವೆ. ಆ ಕೆಲಸಗಳು ನಿಜವಾಗಿ ಇವೆಯೇ? – ಓದುಗರು, ದಾವಣಗೆರೆ

ಕೆಲವು ಇವೆ, ಕೆಲವು ಇದ್ದವು, ಕೆಲವು ಇನ್ನೂ ಹುಟ್ಟಿಲ್ಲ. ಮೂರೂ ಒಂದೇ ಪುಟದಲ್ಲಿ ಒಂದೇ ಥರ ಕಾಣುವುದರಿಂದಲೇ ಈ ಗೊಂದಲ.

ಕಂಪನಿಯೊಂದರಲ್ಲಿ ಹುದ್ದೆ ಮುಖ್ಯವಾಗಿ ಮೂರು ಕಾರಣಕ್ಕೆ ತೆರೆಯುತ್ತದೆ. ಇದ್ದವರು ಬಿಟ್ಟು ಹೋಗಿ ಜಾಗ ಖಾಲಿಯಾಗುವುದು ಮೊದಲನೆಯದು. ಹೊಸ ಶಾಖೆ, ಹೊಸ ಆರ್ಡರ್, ಎರಡನೇ ಶಿಫ್ಟ್ ಎಂದು ಕೆಲಸವೇ ಹೆಚ್ಚುವುದು ಎರಡನೆಯದು. ಮೂರನೆಯದು ಗ್ರಾಹಕ ಕಂಪನಿಯ ಗುತ್ತಿಗೆ ಸಿಕ್ಕರೆ ಬೇಕಾಗುವ ಜನ. ಇಲ್ಲಿ ಗುತ್ತಿಗೆ ಕೈಗೆ ಬರುವ ಮೊದಲೇ ಜಾಹೀರಾತು ಹಾಕಿ ರೆಸ್ಯೂಮೆ ಕೂಡಿಸಿಟ್ಟುಕೊಳ್ಳುತ್ತಾರೆ. ಗುತ್ತಿಗೆ ತಪ್ಪಿದರೆ ಹುದ್ದೆಯೂ ಇಲ್ಲ, ನಿಮಗೆ ಉತ್ತರವೂ ಇಲ್ಲ.

ಮೊದಲ ಎರಡು ಬಗೆಯಲ್ಲಿ ಕ್ರಮ ಬಹುಮಟ್ಟಿಗೆ ಒಂದೇ. ವಿಭಾಗದ ಮ್ಯಾನೇಜರ್ ಒಂದು ಬೇಡಿಕೆ ಪತ್ರ ತುಂಬುತ್ತಾರೆ. ಹುದ್ದೆಯ ಹೆಸರು, ದರ್ಜೆ, ಸಂಬಳದ ಮಿತಿ, ಊರು, ಯಾರ ಕೈಕೆಳಗೆ, ಯಾವಾಗಿನಿಂದ ಬೇಕು, ಯಾಕೆ ಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಹಣಕಾಸು ವಿಭಾಗ ಸಹಿ ಹಾಕಬೇಕು. ಬಿಟ್ಟುಹೋದವರ ಜಾಗವಾದರೆ ಸಹಿ ಬೇಗ ಬೀಳುತ್ತದೆ, ಏಕೆಂದರೆ ಆ ಸಂಬಳ ಬಜೆಟ್‌ನಲ್ಲಿ ಆಗಲೇ ಇದೆ. ಹೊಸ ಹುದ್ದೆಯಾದರೆ ಮುಂದಿನ ಏಪ್ರಿಲ್‌ನ ಬಜೆಟ್‌ಗೆ ಕಾಯಬೇಕಾಗಬಹುದು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಲೆಕ್ಕ ಇಡುವ ಕಂಪನಿಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹುದ್ದೆಗಳ ಪಟ್ಟಿ ತಯಾರಾಗಿ, ನೇಮಕಾತಿ ಆಮೇಲೆ ಚುರುಕಾಗುವುದು ಇದೇ ಕಾರಣಕ್ಕೆ.

ಸಹಿಯಾದ ಮೇಲೂ ಹುದ್ದೆ ನೇರವಾಗಿ ಪೋರ್ಟಲ್‌ಗೆ ಬರುವುದು ಕಡಿಮೆ. ಮೊದಲು ಒಳಗಿನ ನೌಕರರಿಗೆ ತಿಳಿಸುತ್ತಾರೆ, ಆಮೇಲೆ ಅವರ ಪರಿಚಯದವರನ್ನು ಕೇಳುತ್ತಾರೆ. ಅದೂ ಆಗದಿದ್ದರೆ ಪೋರ್ಟಲ್, ಕೊನೆಗೆ ಕನ್ಸಲ್ಟೆನ್ಸಿ. ಈ ಸರದಿಗೆ ಕಾರಣ ಖರ್ಚು. ಕನ್ಸಲ್ಟೆನ್ಸಿಗೆ ಕಂಪನಿ ಸಾಮಾನ್ಯವಾಗಿ ವಾರ್ಷಿಕ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳದಷ್ಟು ಕೊಡಬೇಕಾಗುತ್ತದೆ. ಒಳಗಿನವರು ಕರೆತಂದರೆ ಅವರಿಗೊಂದು ಸಣ್ಣ ಬಹುಮಾನ ಕೊಟ್ಟರೆ ಮುಗಿಯಿತು. ಹಾಗಾಗಿ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಆ ಹುದ್ದೆಗೆ ಎರಡು ವಾರ ವಯಸ್ಸಾಗಿರಬಹುದು.

ಮೂರು ತಿಂಗಳಿಂದ ಹಾಗೇ ಇರುವ ಜಾಹೀರಾತಿನ ಹಿಂದೆ ಹೆಚ್ಚಾಗಿ ನೋಟಿಸ್ ಅವಧಿ ಇರುತ್ತದೆ. ಆಯ್ಕೆಯಾದವರು ಹಳೆಯ ಕಂಪನಿಯಲ್ಲಿ 60 ಅಥವಾ 90 ದಿನ ಕಳೆದು ಬರಬೇಕು. ಆ ನಡುವೆ ಇನ್ನೊಂದು ಕಡೆ ಒಳ್ಳೆಯ ಸಂಬಳ ಸಿಕ್ಕಿ ಕೈಕೊಡುವವರೂ ಇದ್ದಾರೆ. ಅವರು ಬಂದು ಸೇರುವ ತನಕ ಜಾಹೀರಾತು ತೆಗೆಯುವುದಿಲ್ಲ. ಮಾಡಬೇಕಾದ್ದು ಇಷ್ಟು: ಪ್ರಕಟವಾಗಿ ಮೂರ್ನಾಲ್ಕು ದಿನದೊಳಗಿನ ಜಾಹೀರಾತುಗಳಿಗೆ ಮೊದಲು ಅರ್ಜಿ ಹಾಕಿ. ಒಂದು ತಿಂಗಳು ದಾಟಿದ್ದಕ್ಕೆ ಹಾಕುವ ಮುನ್ನ ಕಂಪನಿಯ ಸ್ವಂತ ಜಾಲತಾಣದಲ್ಲೂ ಆ ಹುದ್ದೆ ಇದೆಯೇ ನೋಡಿ.

ಇನ್ನು ಅರ್ಜಿಯೊಳಗಿನ ಮಾತು. 'ಟ್ಯಾಲಿ ಬಲ್ಲೆ' ಎಂದು ಬರೆಯುವವರು ನೂರಾರು ಜನ. ಅಕೌಂಟ್ಸ್ ಅಸಿಸ್ಟೆಂಟ್ ಬೇಕೆಂದು ಮ್ಯಾನೇಜರ್ ಬೇಡಿಕೆ ಪತ್ರ ತುಂಬಿದ್ದು ತಿಂಗಳಿನ ಕೆಲವು ತಾರೀಕುಗಳು ತಲೆಯ ಮೇಲೆ ಕೂತಿದ್ದಕ್ಕೆ: 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಹಿಡಿದ ಆದಾಯ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಪೋರ್ಟಲ್ ಕೊಡುವ 2ಬಿ ಪಟ್ಟಿಯ ಜೊತೆ ತಾಳೆ ನೋಡಲು, ಬ್ಯಾಂಕ್ ಲೆಕ್ಕ ಹೊಂದಿಸಲು ಒಂದು ಕೈ ಬೇಕು. ಆ ಕೈ ನಿಮ್ಮದು ಎಂಬುದು ರೆಸ್ಯೂಮೆಯ ಮೊದಲ ನಾಲ್ಕು ಸಾಲಿನಲ್ಲೇ ಕಾಣಬೇಕು. ಅನುಭವ ಇಲ್ಲದಿದ್ದರೆ ಊರಿನ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಮೂರು ತಿಂಗಳು ಕೆಲಸ ಮಾಡಿ. ದಾವಣಗೆರೆಯಲ್ಲಿ ಅಂಥ ಕಚೇರಿಗಳಿಗೆ ಬರವಿಲ್ಲ. ಎಷ್ಟು ವ್ಯಾಪಾರಿಗಳ ರಿಟರ್ನ್ ತಯಾರಿಗೆ ನೆರವಾದಿರಿ ಎಂಬ ಒಂದು ಸಂಖ್ಯೆ ಇನ್ನೊಂದು ಸರ್ಟಿಫಿಕೇಟ್ ಕೋರ್ಸ್‌ಗಿಂತ ಭಾರವಾಗಿ ತೂಗುತ್ತದೆ.

ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಮೆಷಿನ್ ಶಾಪ್. 18 ಜನ ಇದ್ದಾರೆ, ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್. ಸಂದರ್ಶನದಲ್ಲಿ ಚೆನ್ನಾಗಿ ಮಾತಾಡಿದವರು ಮೆಷಿನ್ ಮುಂದೆ ನಿಂತಾಗ ಜಾಬ್ (ಮೆಷಿನ್‌ನಲ್ಲಿ ತಯಾರಾಗುವ ಬಿಡಿಭಾಗ) ಕೆಡಿಸುತ್ತಾರೆ. ಕಲಿತವರು ಎರಡು ತಿಂಗಳಿಗೆ ಬಿಟ್ಟು ಹೋಗುತ್ತಾರೆ. ಸರಿಯಾದ ಆಪರೇಟರ್ ಆರಿಸುವುದು ಹೇಗೆ? – ಓದುಗರು, ಬೆಳಗಾವಿ

ಸಂದರ್ಶನಕ್ಕೆ ಮೊದಲು ನಿಮ್ಮ ಹುದ್ದೆಯನ್ನೇ ಒಮ್ಮೆ ಪರೀಕ್ಷಿಸಿ. ನಿಮಗೆ ಬೇಕಿರುವುದು ಆಪರೇಟರೋ ಸೆಟ್ಟರೋ? ಜಾಬ್ ಹಾಕಿ ತೆಗೆದು, ಅಳತೆ ನೋಡಿ, ಆಫ್‌ಸೆಟ್ (ಟೂಲ್ ಎಷ್ಟು ಸರಿಯಬೇಕೆಂದು ಮೆಷಿನ್‌ಗೆ ಕೊಡುವ ಅಂಕಿ) ತಿದ್ದುವವರು ಆಪರೇಟರ್. ಹೊಸ ಜಾಬ್‌ಗೆ ಜಾ (ಪೀಸ್ ಹಿಡಿಯುವ ಹಲ್ಲು) ಬದಲಿಸಿ, ಟೂಲ್ ಕೂಡಿಸಿ, ಪ್ರೋಗ್ರಾಂ ತಿದ್ದಿ, ಮೊದಲ ಪೀಸ್ ಪಾಸ್ ಮಾಡಿಸುವವರು ಸೆಟ್ಟರ್. ಆಪರೇಟರ್ ಸಂಬಳಕ್ಕೆ ಸೆಟ್ಟರ್ ಕೆಲಸ ಕೇಳಿದರೆ ಬಲ್ಲವರು ಬರುವುದಿಲ್ಲ, ಬಂದವರು ಬಲ್ಲವರಾಗಿರುವುದಿಲ್ಲ. ನಾಲ್ಕು ಮೆಷಿನ್‌ಗೆ ಒಬ್ಬ ಸೆಟ್ಟರ್‌ಗೆ ತಕ್ಕ ಸಂಬಳ ಕೊಟ್ಟು, ಉಳಿದ ಜಾಗಕ್ಕೆ ಕಲಿಯುವ ಹುಡುಗರನ್ನು ತೆಗೆದುಕೊಳ್ಳುವುದು ಲೆಕ್ಕಕ್ಕೂ ಸರಿಹೋಗುತ್ತದೆ.

ಎರಡನೆಯದು, ಮಾತು ಕಡಿಮೆ ಮಾಡಿ ಕೈಗೆ ಕೆಲಸ ಕೊಡಿ. ಮುಕ್ಕಾಲು ಗಂಟೆಯ ಪರೀಕ್ಷೆ ಸಾಕು. ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ಅಂಕಪಟ್ಟಿ ಇರಲಿ.

20 ಮಿ.ಮೀ. ವ್ಯಾಸದ ಶಾಫ್ಟ್‌ನ ಒಂದು ಡ್ರಾಯಿಂಗ್ ಇಡಿ. ಅಳತೆ 20.000ಕ್ಕಿಂತ ಹೆಚ್ಚಬಾರದು, 19.979ಕ್ಕಿಂತ ಇಳಿಯಬಾರದು. ಜೊತೆಗೆ ನೀವು ಮೊದಲೇ ಅಳೆದಿಟ್ಟ ಐದು ಪೀಸ್: ಮೂರು ಒಳ್ಳೆಯವು (ಅದರಲ್ಲೊಂದು 19.99), ಒಂದು 20.03, ಒಂದು 19.96. ಅಳೆಯಲು ಕೊಡುವ ಮೈಕ್ರೋಮೀಟರ್‌ನಲ್ಲಿ ಬೇಕೆಂದೇ 0.02ರಷ್ಟು ಹೆಚ್ಚು ತೋರಿಸುವ ಸೊನ್ನೆ ದೋಷ ಬಿಟ್ಟಿರಿ. ಈಗ ಸುಮ್ಮನೆ ನೋಡಿ. ಬಲ್ಲವನು ಪೀಸ್ ಮುಟ್ಟುವ ಮೊದಲು ಮೈಕ್ರೋಮೀಟರ್‌ನ ಎರಡು ಮುಖ ಒರೆಸಿ, ರ‍್ಯಾಚೆಟ್ ತಿರುಗಿಸಿ ಮುಚ್ಚಿ, ಸೊನ್ನೆ ಕೂಡುತ್ತದೆಯೇ ನೋಡುತ್ತಾನೆ. ನೋಡದವನಿಗೆ 19.96ರ ಪೀಸ್ 19.98 ಎಂದು ಕಾಣುತ್ತದೆ. ಗುಜರಿಗೆ ಹೋಗಬೇಕಾದ್ದು ಪಾಸ್ ಆಗಿ ಗ್ರಾಹಕರ ಕೈ ಸೇರುತ್ತದೆ. ಸರಿಯಾಗಿರುವ 19.99ರ ಪೀಸ್ 20.01 ಎಂದು ಫೇಲ್ ಆಗುತ್ತದೆ. ನಿಮ್ಮ ಶಾಪ್‌ನಲ್ಲಿ ಜಾಬ್ ಕೆಡುತ್ತಿರುವುದು ಮೆಷಿನ್‌ನಿಂದಲೋ ಅಳತೆಯಿಂದಲೋ ಎಂಬುದಕ್ಕೂ ಇಲ್ಲೇ ಸುಳಿವು ಸಿಗಬಹುದು.

20.03 ಮತ್ತು 19.96ರ ಪೀಸ್‌ಗಳನ್ನು ಏನು ಮಾಡುತ್ತೀ ಎಂದು ಕೇಳಿ. ದಪ್ಪ ಇರುವುದನ್ನು ಇನ್ನೊಂದು ಕಟ್ ಹಾಕಿ ಉಳಿಸಬಹುದು, ಸಣ್ಣಗಾದದ್ದು ಹೋಯಿತು. ಈ ಉತ್ತರ ಅವಸರವಿಲ್ಲದೆ ಬಂದರೆ ಅವನು ಕೆಲಸ ಮಾಡಿದವನು.

ಆಮೇಲೆ ಆಫ್‌ಸೆಟ್. ಮೆಷಿನ್‌ಗೆ ಫಾನುಕ್ ಕಂಪನಿಯ ಕಂಟ್ರೋಲ್ ಇದ್ದರೆ, ಟೂಲ್ ಸವೆತ ಸರಿದೂಗಿಸುವ ವೇರ್ ಆಫ್‌ಸೆಟ್ ಬಗ್ಗೆ ಹೀಗೆ ಕೇಳಿ: 'ವೇರ್ ಆಫ್‌ಸೆಟ್‌ನ ಎಕ್ಸ್‌ನಲ್ಲಿ ಈಗ −0.10 ಇದೆ. ಪೀಸ್ 20.05 ಬಂತು, ನಮಗೆ 19.99 ಬೇಕು. ಏನು ಹೊಡೆಯುತ್ತೀ?' ವ್ಯಾಸದ ಲೆಕ್ಕದಲ್ಲಿ ಇನ್ನೂ 0.06 ಇಳಿಸಬೇಕು, ಅಂದರೆ ಅಲ್ಲಿರುವ ಅಂಕಿ −0.16 ಆಗಬೇಕು. −0.06 ಹೊಡೆದು ಪ್ಲಸ್ ಇನ್‌ಪುಟ್ ಒತ್ತಿದರೆ ಹಳೆಯದಕ್ಕೆ ಕೂಡುತ್ತದೆ, ಕೆಲಸ ಸರಿ. ಬರೀ ಇನ್‌ಪುಟ್ ಒತ್ತಿದರೆ ಹಳೆಯದು ಅಳಿಸಿ −0.06 ಕೂರುತ್ತದೆ, ಮುಂದಿನ ಪೀಸ್ 20.09ಕ್ಕೆ ಏರುತ್ತದೆ. ಗುಂಡಿ ಒತ್ತುವ ಮೊದಲು ಬಾಯಲ್ಲಿ ಹೇಳಿಸಿ. ಎರಡು ವರ್ಷದ ಅನುಭವ ಎಂದು ಬರೆದವರಲ್ಲಿ ನಿಜವಾಗಿ ಆಫ್‌ಸೆಟ್ ಮುಟ್ಟಿದವರು ಯಾರು, ಬರೀ ಜಾಬ್ ಹಾಕಿ ಹಸಿರು ಗುಂಡಿ ಒತ್ತಿದವರು ಯಾರು ಎಂದು ಈ ಒಂದೇ ಪ್ರಶ್ನೆ ಬೇರ್ಪಡಿಸುತ್ತದೆ.

ಸುರಕ್ಷತೆಗೆ ಬೇರೆ ಅಂಕ ಬೇಡ, ಅದು ಹೊಸ್ತಿಲು. ಚಿಪ್ಸ್ (ಕತ್ತರಿಸಿದ ಲೋಹದ ಸಿಪ್ಪೆ) ಬರಿಗೈಯಲ್ಲಿ ಎಳೆದರೆ, ಪೀಸ್ ಹಿಡಿದ ಚಕ್ ತಿರುಗುವಾಗ ಗ್ಲೌಸ್ ಹಾಕಿದ ಕೈ ಹತ್ತಿರ ಒಯ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ. ಇನ್ನೊಂದು: ಪರೀಕ್ಷೆಯ ಹೆಸರಿನಲ್ಲಿ ಇಡೀ ದಿನ ಉತ್ಪಾದನೆ ಮಾಡಿಸಿಕೊಂಡರೆ ಆ ದಿನದ ಕೂಲಿ ಕೊಡಿ. ವಾರಗಟ್ಟಲೆ ಬಿಟ್ಟಿ 'ಟ್ರಯಲ್' ತೆಗೆದುಕೊಳ್ಳುವುದು ಅನ್ಯಾಯ. ಆ ಸುದ್ದಿ ಐಟಿಐ ಹುಡುಗರ ನಡುವೆ ಒಂದೇ ದಿನದಲ್ಲಿ ಹರಡುತ್ತದೆ.

ಅಂಕವನ್ನು ನೀವೂ ನಿಮ್ಮ ಸೂಪರ್‌ವೈಸರೂ ಬೇರೆ ಬೇರೆ ಹಾಕಿ, ಆಮೇಲೆ ಹೋಲಿಸಿ. ಒಟ್ಟಿಗೆ ಕೂತು ಮಾತಾಡಿ ಹಾಕಿದರೆ ಮಾಲೀಕರ ಅಂಕಕ್ಕೇ ಸೂಪರ್‌ವೈಸರ್ ತಲೆಯಾಡಿಸುತ್ತಾರೆ.

ಎರಡು ತಿಂಗಳಿಗೆ ಬಿಡುವವರ ವಿಷಯ ಬೇರೆ. ಅವರನ್ನು ಆರಿಸಿದ್ದು ತಪ್ಪಲ್ಲ, ಆಯ್ಕೆಯ ದಿನ ಹೇಳದೆ ಬಿಟ್ಟದ್ದು ತಪ್ಪು. ಎರಡನೇ ಶಿಫ್ಟ್ ಮುಗಿಯುವ ಹೊತ್ತಿಗೆ ಖಾನಾಪುರ ಕಡೆಯ ಹುಡುಗನಿಗೆ ಬಸ್ ಇದೆಯೇ? ಓವರ್‌ಟೈಮ್ ಹಣ ಸಂಬಳದ ಜೊತೆಗೇ ಬರುತ್ತದೆಯೇ? ಎಷ್ಟು ತಿಂಗಳಿಗೆ ಎಷ್ಟು ಏರಿಕೆ? ಇವನ್ನು ಒಂದು ಹಾಳೆಯಲ್ಲಿ ಬರೆದು ಸೇರುವ ಮೊದಲೇ ಕೈಗೆ ಕೊಡಿ. ಕೆಲವರು ಅದನ್ನು ಓದಿ ಬರದೇ ಇರಬಹುದು. ಕಲಿಸಿದ ಮೇಲೆ ಹೋಗುವುದಕ್ಕಿಂತ ಅದು ಒಳ್ಳೆಯದು.

ಅಪ್ರೆಂಟಿಸ್ ದಾರಿಯನ್ನೂ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಒಟ್ಟು ಬಲದ 2.5ರಿಂದ 15 ಶೇಕಡಾದಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವಲ್ಲಿ ಅದು ಮಾಲೀಕರ ಇಚ್ಛೆ. 18 ಜನರ ನಿಮ್ಮ ಶಾಪ್‌ಗೆ ಇಬ್ಬರು ಬರಬಹುದು. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು, ಹತ್ತಿರದ ಐಟಿಐನ ಪ್ರಾಚಾರ್ಯರನ್ನು ಪರೀಕ್ಷೆ ಮುಗಿಯುವ ಮೊದಲೇ ಭೇಟಿಯಾಗಿ. ಫಲಿತಾಂಶ ಬಂದ ಮೇಲೆ ಹೋದರೆ ದೊಡ್ಡ ಕಾರ್ಖಾನೆಗಳು ಚುರುಕಾದವರನ್ನು ಆಗಲೇ ಕರೆದುಕೊಂಡಿರುತ್ತವೆ.

ಕಂಪ್ಯೂಟರ್ ಸೈನ್ಸ್ ಬಿಇ. ರೆಸ್ಯೂಮೆಯನ್ನು ಮನುಷ್ಯರು ಓದುವುದೇ ಇಲ್ಲವಂತೆ, ನಿಜವೇ? ಕನ್ನಡ ಮಾಧ್ಯಮದಲ್ಲಿ ಓದಿದವನು, ಇಂಗ್ಲಿಷ್ ತಡವರಿಸುತ್ತದೆ. ಎರಡು ಕಡೆ ಕೊನೆಯ ಸುತ್ತಿನವರೆಗೆ ಹೋಗಿ ಕೈತಪ್ಪಿತು. – ಓದುಗರು, ಕಲಬುರಗಿ

ಓದುತ್ತಾರೆ, ಆದರೆ ಎಲ್ಲವನ್ನೂ ಅಲ್ಲ. ನೂರಾರು ಅರ್ಜಿ ಬಂದಾಗ ನೇಮಕಾತಿಯವರು ಕೌಶಲ್ಯ, ಅನುಭವ, ಊರು, ನೋಟಿಸ್ ಅವಧಿ ಇವುಗಳ ಮೇಲೆ ಜರಡಿ ಹಿಡಿಯುತ್ತಾರೆ. ಸಾಫ್ಟ್‌ವೇರ್ ನಿಮ್ಮ ಪಿಡಿಎಫ್‌ನಿಂದ ಅಕ್ಷರ ಹೆಕ್ಕುತ್ತದೆ. ಎರಡು ಅಂಕಣದ ವಿನ್ಯಾಸ, ಟೇಬಲ್, ಚಿತ್ರವಾಗಿ ಉಳಿಸಿದ ಪುಟ ಇವುಗಳಲ್ಲಿ ಅದು ಎಡವುತ್ತದೆ. 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಹೆಸರು, ವಿಳಾಸ ಟೈಪ್ ಮಾಡಿದರೆ ಆ ಕಡೆ ಅರ್ಥವಿಲ್ಲದ ಅಕ್ಷರ ಕಾಣುತ್ತದೆ. ಪಿಡಿಎಫ್ ತೆರೆದು ಎಲ್ಲವನ್ನೂ ಆರಿಸಿ, ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಅಲ್ಲಿ ಓದಲು ಬಂದರೆ ಸಾಫ್ಟ್‌ವೇರ್‌ಗೂ ಬರುತ್ತದೆ.

ಜಾಹೀರಾತಿನ ಪದಗಳನ್ನೇ ಬಳಸಿ, ಆದರೆ ಮಾಡದ್ದನ್ನು ಬರೆಯಬೇಡಿ. ಬರೆದ ಪ್ರತಿ ಪದದ ಮೇಲೂ ಪ್ರಶ್ನೆ ಬರುತ್ತದೆ.

ಕೊನೆಯ ಸುತ್ತಿನವರೆಗೆ ಹೋಗಿದ್ದೀರಿ ಎಂದರೆ ನಿಮ್ಮ ತಾಂತ್ರಿಕ ಜ್ಞಾನ ಸಾಲದು ಎಂದು ಅರ್ಥವಲ್ಲ. ಅಲ್ಲಿ ಉಳಿದ ಇಬ್ಬರು ಮೂವರಲ್ಲಿ ಯಾರು ಬೇಗ ಸೇರುತ್ತಾರೆ, ಯಾರ ಸಂಬಳದ ನಿರೀಕ್ಷೆ ಮಿತಿಯೊಳಗಿದೆ, ಒಳಗಿನ ನೌಕರರೊಬ್ಬರು ಆ ಜಾಗ ಕೇಳಿದರೇ ಎಂಬುದೆಲ್ಲ ನಿರ್ಧಾರಕ್ಕೆ ಬರುತ್ತದೆ. ಎರಡು ದಿನದೊಳಗೆ ಒಂದು ವಿನಯದ ಇಮೇಲ್ ಬರೆದು, ಮುಂದೆ ಅಂಥದೇ ಹುದ್ದೆ ಬಂದರೆ ತಿಳಿಸಿ ಎನ್ನಿ. ಆಯ್ಕೆಯಾದವರು ಕೈಕೊಟ್ಟಾಗ ಮೊದಲು ಫೋನ್ ಹೋಗುವುದು ಎರಡನೇ ಸ್ಥಾನದಲ್ಲಿದ್ದವರಿಗೆ.

ಇಂಗ್ಲಿಷ್ ಬಗ್ಗೆ: ವಿದೇಶದ ಗ್ರಾಹಕರ ಜೊತೆ ದಿನವೂ ಮಾತಾಡುವ ಕೆಲಸಕ್ಕೆ ಅದು ನಿಜವಾದ ಅರ್ಹತೆ, ಅಲ್ಲಿ ರಿಯಾಯಿತಿ ಸಿಗುವುದು ಕಷ್ಟ. ಕೋಡ್ ಬರೆಯುವ, ಟೆಸ್ಟ್ ಮಾಡುವ ಕೆಲಸಕ್ಕೆ ಬೇಕಾದ್ದು ಸರಾಗವಲ್ಲ, ಸ್ಪಷ್ಟತೆ. ನಿಮ್ಮ ಪ್ರಾಜೆಕ್ಟ್‌ನ ಬಗ್ಗೆ ನಾಲ್ಕು ಮಾತು ಸಿದ್ಧವಿರಲಿ: ಸಮಸ್ಯೆ ಏನಿತ್ತು, ನಿಮ್ಮ ಪಾಲಿನ ಕೆಲಸ ಯಾವುದು, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಹೇಗೆ ಬಿಡಿಸಿದಿರಿ. ಎರಡು ನಿಮಿಷದಲ್ಲಿ ಮುಗಿಯುವಂತೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಹತ್ತು ಸಲ ಕೇಳಿಸಿಕೊಳ್ಳಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳುವುದು ತಪ್ಪಲ್ಲ. ಅರ್ಥವಾದಂತೆ ತಲೆಯಾಡಿಸಿ ಬೇರೇನೋ ಹೇಳಿದಾಗಲೇ ಅಂಕ ಹೋಗುತ್ತದೆ.

ಪೇರೋಲ್ (ಸಂಬಳದ ಲೆಕ್ಕ) ವಿಭಾಗದಲ್ಲಿ ಐದು ವರ್ಷ ಕೆಲಸ ಮಾಡಿ, ಮಗುವಿಗಾಗಿ ನಾಲ್ಕು ವರ್ಷ ಬಿಟ್ಟಿದ್ದೆ. ಈಗ ಮತ್ತೆ ಸೇರಬೇಕು. – ಓದುಗರು, ತುಮಕೂರು

ನಾಲ್ಕು ವರ್ಷದ ಬಿಡುವನ್ನು ರೆಸ್ಯೂಮೆಯಲ್ಲಿ ಒಂದೇ ಸಾಲಿನಲ್ಲಿ ನೇರವಾಗಿ ಬರೆಯಿರಿ. ಮುಚ್ಚಿಟ್ಟರೆ ಪಿಎಫ್ (ಭವಿಷ್ಯ ನಿಧಿ) ದಾಖಲೆಯಲ್ಲಿ ಹೇಗೂ ಕಾಣುತ್ತದೆ. ನಿಮ್ಮ ಕೆಲಸದ ಗಟ್ಟಿ ಭಾಗ ಹಾಗೇ ಇದೆ: ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಹಣ ಪ್ರತಿ ತಿಂಗಳ 15ರೊಳಗೆ ಕಟ್ಟುವುದು, ಸಂಬಳದ ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16, ಕೆಲಸ ಬಿಟ್ಟವರ ಫುಲ್ ಅಂಡ್ ಫೈನಲ್ ಲೆಕ್ಕ. ಈ ನಾಲ್ಕು ವರ್ಷದಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲೂ ಕಾರ್ಮಿಕ ಕಾನೂನುಗಳಲ್ಲೂ ಆದ ಬದಲಾವಣೆಗಳನ್ನು ಓದಿಕೊಂಡು ಹೋಗಿ.

ಒಳಗೆ ಕಾಲಿಡಲು ಒಳ್ಳೆಯ ಬಾಗಿಲು ತಾತ್ಕಾಲಿಕ ಹುದ್ದೆ. ಹೆರಿಗೆ ರಜೆ 26 ವಾರ ಇರುವುದರಿಂದ ಆ ಅವಧಿಗೆ ಬದಲಿ ಬೇಕಾಗುತ್ತದೆ. ಕೆಲಸ ಬಲ್ಲವರು ಆ ಆರು ತಿಂಗಳಿಗೆ ಸಿಗುವುದು ಕಡಿಮೆ. 'ಇನ್ನೊಂದು ಮಗುವಿನ ಯೋಚನೆ ಇದೆಯೇ' ಎಂದು ಕೇಳಿದರೆ ಆ ಪ್ರಶ್ನೆಗೂ ಹುದ್ದೆಗೂ ಸಂಬಂಧವಿಲ್ಲ. ಎಷ್ಟು ಗಂಟೆ, ಯಾವ ಶಿಫ್ಟ್, ತಿಂಗಳ ಕೊನೆಯ ವಾರ ಹೆಚ್ಚು ಹೊತ್ತು ಕೂರಬಲ್ಲಿರೇ ಎಂಬುದಕ್ಕಷ್ಟೇ ಉತ್ತರಿಸಿ.

ವಿಮಾನ ನಿಲ್ದಾಣದಲ್ಲಿ ಕೆಲಸ ಖಾತ್ರಿ ಎಂದು ಆಫರ್ ಲೆಟರ್ ಕಳಿಸಿದ್ದಾರೆ. ಯೂನಿಫಾರ್ಮ್, ತರಬೇತಿಗೆ 12,500 ರೂಪಾಯಿ ಕಟ್ಟಬೇಕಂತೆ. – ಓದುಗರು, ವಿಜಯಪುರ

ಕಟ್ಟಬೇಡಿ. ಸಂದರ್ಶನವಿಲ್ಲದೆ ಬಂದ ಆಫರ್, ಸೇರುವ ಮುನ್ನ ಹಣ, ಕಂಪನಿಯದಲ್ಲದ ಇಮೇಲ್ ವಿಳಾಸ ಇವುಗಳಲ್ಲಿ ಒಂದಿದ್ದರೂ ಅದು ಮೋಸ ಎಂದೇ ತಿಳಿಯಿರಿ. ಹುದ್ದೆ ಇದ್ದರೆ ಹುಡುಕಿಕೊಟ್ಟವರಿಗೆ ಹಣ ಕೊಡುವವರು ಕಂಪನಿಯವರು. ಆಗಲೇ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಮೂಲ ಅಂಕಪಟ್ಟಿಗಳನ್ನೂ ಯಾರ ಕೈಗೂ ಬಿಟ್ಟುಬರಬೇಡಿ, ನೋಡಿ ಹಿಂದಿರುಗಿಸಲಿ.

ವರ್ಷಕ್ಕೆ 4.2 ಲಕ್ಷ ಸಿಟಿಸಿ ಎಂದು ಆಫರ್ ಬಂದಿದೆ. ತಿಂಗಳಿಗೆ 35,000 ಕೈಗೆ ಬರುತ್ತದೆಯೇ? ಸಹಿ ಹಾಕುವ ಮೊದಲು ಏನು ನೋಡಬೇಕು? – ಓದುಗರು, ಮೈಸೂರು

ಬರುವುದಿಲ್ಲ. ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಕೈಗೆ ಬರುವ ಸಂಬಳವಲ್ಲ. ಒಂದು ಉದಾಹರಣೆಯ ಲೆಕ್ಕ ನೋಡಿ. ತಿಂಗಳ 35,000ದಲ್ಲಿ ಮೂಲ ವೇತನ 17,500 ಎಂದುಕೊಳ್ಳಿ. ಕಂಪನಿ ತನ್ನ ಪಾಲಿನ ಪಿಎಫ್ ಅನ್ನು 15,000ದ ಮಿತಿಯ ಮೇಲೆ 12 ಶೇಕಡಾ ಹಿಡಿದರೆ 1,800. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲ ವೇತನದ 4.81 ಶೇಕಡಾ, ಸುಮಾರು 842. ಗುಂಪು ವಿಮೆ 500. 10 ಶೇಕಡಾ ವೇರಿಯಬಲ್ ಪೇ (ಕೆಲಸದ ಫಲಿತಾಂಶ ನೋಡಿ ಕೊಡುವ ಭಾಗ) ಇದ್ದರೆ 3,500. ಇವು ನಾಲ್ಕೂ ಸೇರಿ 6,642 ರೂಪಾಯಿ ಸಿಟಿಸಿಯಲ್ಲಿದೆ, ಸಂಬಳದ ಚೀಟಿಯಲ್ಲಿಲ್ಲ. ಉಳಿದದ್ದು 28,358. ಅದರಿಂದ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ 26,358. ಪಿಎಫ್ ಅನ್ನು ಪೂರ್ತಿ 17,500ರ ಮೇಲೆ ಹಿಡಿದರೆ ಇನ್ನೂ 600 ಇಳಿಯುತ್ತದೆ, ಆದರೆ ಅದು ನಿಮ್ಮದೇ ಖಾತೆಗೆ ಹೋಗುವ ಹಣ. ವೇರಿಯಬಲ್ ಪೇ ಯಾವಾಗ, ಯಾವ ಆಧಾರದ ಮೇಲೆ ಕೊಡುತ್ತಾರೆ ಎಂದು ಬರಹದಲ್ಲಿ ಕೇಳಿ.

ಆಮೇಲೆ ನೋಟಿಸ್ ಅವಧಿ, ಪ್ರೊಬೇಷನ್ ಅವಧಿ, ಬಾಂಡ್ (ಅವಧಿಗೆ ಮುನ್ನ ಬಿಟ್ಟರೆ ಹಣ ಕಟ್ಟುವ ಕರಾರು) ಇದ್ದರೆ ಅದರ ಮೊತ್ತ ಓದಿ. ನೇಮಕ ಕಂಪನಿಯದೋ ಗುತ್ತಿಗೆ ಏಜೆನ್ಸಿಯದೋ ಎಂಬುದೂ ಪತ್ರದ ತಲೆಬರಹದಲ್ಲಿ ತಿಳಿಯುತ್ತದೆ.

ಸೇರುವಾಗ ದಾಖಲೆ ಕೊಡಬೇಕು. ಅಲ್ಲಿ ನಮ್ಮ ಕಡೆಯ ಹೆಸರುಗಳಿಗೆ ವಿಶೇಷವಾಗಿ ಅಂಟುವ ತೊಂದರೆ ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಅಕ್ಷರ, ಆಧಾರ್‌ನಲ್ಲಿ ಅವು ಹೆಸರಿನ ಹಿಂದೆ, ಪ್ಯಾನ್‌ನಲ್ಲಿ ಊರು ಮತ್ತು ತಂದೆಯ ಹೆಸರು ಪೂರ್ತಿ. ಹಿನ್ನೆಲೆ ಪರಿಶೀಲನೆಯವರ ಕಣ್ಣಿಗೆ ಇವು ಮೂರು ಬೇರೆ ವ್ಯಕ್ತಿಗಳು. ಪಿಎಫ್‌ನ ಯುಎಎನ್ (ಸದಸ್ಯ ಸಂಖ್ಯೆ) ಖಾತೆಯಲ್ಲಿನ ಹೆಸರು ಕೂಡ ಆಧಾರ್‌ನಲ್ಲಿ ಇರುವಂತೆಯೇ ಇರಬೇಕು, ಇಲ್ಲದಿದ್ದರೆ ಮುಂದೆ ಹಣ ತೆಗೆಯುವಾಗ ತಡೆ ಬೀಳುತ್ತದೆ. ಸೇರುವ ತಾರೀಕಿಗೆ ಇನ್ನೂ ಸಮಯವಿದ್ದರೆ ಆಧಾರ್, ಪ್ಯಾನ್ ಎರಡನ್ನೂ ಅಂಕಪಟ್ಟಿಯ ಹೆಸರಿಗೆ ಹೊಂದಿಸಿಕೊಳ್ಳಿ. ಸಮಯವಿಲ್ಲದಿದ್ದರೆ, ಮೂರೂ ಹೆಸರು ಒಬ್ಬರದೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ಅವರು ಕೇಳುವ ಮೊದಲೇ ದಾಖಲೆಗಳ ಜೊತೆ ಕೊಡಿ.